ಎಪಿಕ್ಯೂರಸ್ ಗ್ರೀಸಿನ ಚಾರ್ವಾಕನೇ?

"ಸಾಲ ಮಾಡಿಯಾದರೂ ತುಪ್ಪ ತಿನ್ನು ಅಂದ ಚಾರ್ವಾಕನ ಹಾಗೆ ಎಪಿಕ್ಯೂರಸ್ ಕೂಡ ತಿಂದುಂಡು ಸುಖಪಡು ಅಂದವನಲ್ಲವೇ?" ಗ್ರೀಕ್ ತತ್ತ್ವದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. (ತುಪ್ಪದ ಆ ಮಾತು ನಮಗೆ ಸಿಕ್ಕಿರುವುದೂ ಚಾರ್ವಾಕರ ಎದುರಾಳಿಗಳ ಗ್ರಂಥಗಳಿಂದಲೇ.)

ಎಪಿಕ್ಯೂರಸನ ಲೆಕ್ಕದಲ್ಲಿ ಸಾಲದ ತುಪ್ಪ ಬರೀ ನಷ್ಟ. ರುಚಿ ಅರೆಗಳಿಗೆಯದು, ಸಾಲ ಕೊಟ್ಟವನು ಬಾಗಿಲಿಗೆ ಬಂದಾನೆಂಬ ದಿಗಿಲು ತಿಂಗಳುಗಟ್ಟಲೆಯದು. ಮೈಗೆ ನೋವಿಲ್ಲ, ಮನಸ್ಸಿಗೆ ಕಳವಳವಿಲ್ಲ ಎಂದಾದರೆ ಸುಖ ತುಂಬಿತು. ಆಮೇಲೆ ಸೇರಿಸಿದ್ದು ಸುಖದ ಬಗೆಯನ್ನು ಬದಲಿಸೀತು, ಪ್ರಮಾಣವನ್ನಲ್ಲ.

ಕ್ರಿ.ಪೂ. 341ರಲ್ಲಿ ಸೇಮೋಸ್ ದ್ವೀಪದಲ್ಲಿ ಹುಟ್ಟಿದ ಅವನು ಸುಮಾರು 306ರಲ್ಲಿ ಅಥೆನ್ಸಿನ ತೋಟವೊಂದರಲ್ಲಿ ಶಾಲೆ ತೆರೆದ. ಹೆಂಗಸರಿಗೂ ಗುಲಾಮರಿಗೂ ಅಲ್ಲಿ ಜಾಗವಿತ್ತು. ರೊಟ್ಟಿ, ನೀರು ಅವನಿಗೆ ಸಾಕಾಗುತ್ತಿದ್ದವು. ಗೆಳೆಯನಿಗೆ ಬರೆದ ಪತ್ರದಲ್ಲಿ ಕೇಳಿದ್ದು ಪುಟ್ಟ ಗಡಿಗೆಯಷ್ಟು ಚೀಸ್, ಮನಸ್ಸಾದ ದಿನ ಹಬ್ಬದೂಟ ಮಾಡಲು.

ಆಸೆಗಳನ್ನು ಅವನು ಮೂರಾಗಿ ವಿಂಗಡಿಸಿದ. ಹಸಿವೆಗೆ ಅನ್ನ ಸಹಜ, ಅಗತ್ಯ ಕೂಡ. ಬಗೆಬಗೆಯ ಭಕ್ಷ್ಯ ಸಹಜವೇ, ಆದರೆ ಅಗತ್ಯವಲ್ಲ. ಕೀರ್ತಿ, ಅಧಿಕಾರದ ಹಂಬಲ ಎರಡೂ ಅಲ್ಲ. ಅದಕ್ಕೆ 'ಸಾಕು' ಎಂಬ ಗೆರೆಯೇ ಇಲ್ಲ. ಜನ ಎಡವುವುದು ಹೆಚ್ಚಾಗಿ ನಡುವಿನದರಲ್ಲಿ: ಭಕ್ಷ್ಯ ದಿನದ ರೂಢಿಯಾದರೆ ಸಿಗದ ದಿನ ಅದೇ ನೋವಾಗುತ್ತದೆ. ಪ್ರತಿ ಆಸೆಗೂ ಅವನು ಹಾಕಿಕೊಳ್ಳಲು ಹೇಳಿದ ಪ್ರಶ್ನೆ: ಇದು ಈಡೇರಿದರೆ ನನಗೇನಾಗುತ್ತದೆ, ಈಡೇರದಿದ್ದರೆ ಏನಾಗುತ್ತದೆ?

ಭೌತಶಾಸ್ತ್ರವೂ ಅವನಿಗೆ ಬೇಕಾದದ್ದು ಕಳವಳ ಕಳೆಯಲು. ಜಗತ್ತೆಲ್ಲ ಪರಮಾಣು ಮತ್ತು ಶೂನ್ಯ. ಶೂನ್ಯದಲ್ಲಿ ಭಾರದ್ದೂ ಹಗುರದ್ದೂ ಒಂದೇ ವೇಗದಲ್ಲಿ ಸಾಗುತ್ತವೆ ಎಂದ. ಆ ಕಾಲಕ್ಕೆ ಇದು ಬೆರಗಿನ ಮಾತು. ಗುಡುಗಿಗೆ ನಾಲ್ಕಾರು ಕಾರಣ ಕೊಟ್ಟು, ಯಾವುದಾದರೂ ಸರಿ, ದೇವರ ಕೋಪವಲ್ಲ ಎಂದರೆ ಸಾಕು ಎನ್ನುತ್ತಿದ್ದ. ಅವನು ಸೋತದ್ದು ಇಲ್ಲೇ. ಭಯ ಹೋದರೆ ಸಾಕೆನ್ನುವವನಿಗೆ ಅಳತೆ ಬೇಡವಾಗುತ್ತದೆ: ಸೂರ್ಯ ಕಣ್ಣಿಗೆ ಕಂಡಷ್ಟೇ ದೊಡ್ಡದು, ಹೆಚ್ಚೆಂದರೆ ಸ್ವಲ್ಪ ಹೆಚ್ಚುಕಡಿಮೆ ಎಂದುಬಿಟ್ಟ. ಅದೇ ಸೇಮೋಸಿನ, ಅವನಿಗಿಂತ ಕಿರಿಯನಾದ ಅರಿಸ್ಟಾರ್ಕಸ್ ರೇಖಾಗಣಿತ ಹಿಡಿದು ಸೂರ್ಯನ ವ್ಯಾಸ ಭೂಮಿಯದರ 6–7 ಪಟ್ಟು ಎಂದ. ಅದೂ ಕಡಿಮೆಯೇ, ಆದರೆ ದಾರಿ ಸರಿಯಿತ್ತು.

ಕ್ರಿ.ಪೂ. 270ರಲ್ಲಿ ಮೂತ್ರಕ್ಕೆ ಕಲ್ಲು ಅಡ್ಡಬಂದು 14 ದಿನ ನರಳಿ ಎಪಿಕ್ಯೂರಸ್ ತೀರಿಕೊಂಡ. ಕೊನೆಯ ಪತ್ರವನ್ನು ಇಡೊಮೆನಿಯಸ್ ಎಂಬ ಗೆಳೆಯನಿಗೆ ಬರೆದ: ನೋವು ಇದಕ್ಕಿಂತ ಹೆಚ್ಚಾಗುವಂತಿಲ್ಲ, ಆದರೂ ನಾವು ಆಡಿದ ಮಾತುಗಳ ನೆನಪಿನ ಸಂತೋಷ ಅದಕ್ಕೆದುರು ನಿಂತಿದೆ. ಜೊತೆಗೊಂದು ಕೋರಿಕೆ: ತನಗಿಂತ ಮೊದಲೇ ತೀರಿಕೊಂಡಿದ್ದ ಗೆಳೆಯ ಮೆಟ್ರೊಡೋರಸನ ಮಕ್ಕಳನ್ನು ನೋಡಿಕೋ.