ನೀರೊಳಗಿನ ಮೀನೂ ನನ್ನ ಕ್ಯಾಮೆರಾನೂ

ಕೋಲಾರದವಳಿಗೆ ಸಮುದ್ರದ ಮೀನಿನ ಹುಚ್ಚು ಯಾಕೆ ಅಂತ ಮನೆಯಲ್ಲಿ ಕೇಳುತ್ತಲೇ ಇರುತ್ತಾರೆ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಹತ್ತಿರ ಒಮ್ಮೆ ನೀರಿಗಿಳಿದವರು ಹಾಗೆ ಕೇಳುವುದಿಲ್ಲ. ಹವಳದ ಪಕ್ಕ ಚಿಟ್ಟೆ ಮೀನು, ಗಿಳಿ ಮೀನು, ಅಬ್ಬಾ ಎಂಥಾ ಬಣ್ಣ!

ಆದರೆ ಫೋಟೊದಲ್ಲಿ ಎಲ್ಲವೂ ನೀಲಿ. ನೀರು ಮೊದಲು ನುಂಗುವುದು ಕೆಂಪು ಬೆಳಕನ್ನೇ, ಸುಮಾರು 5 ಮೀಟರ್ ಇಳಿಯುವಷ್ಟರಲ್ಲಿ ಅದು ಹೆಚ್ಚುಕಡಿಮೆ ಮಾಯ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಫ್ಲ್ಯಾಶ್ ಹಾಕಿದರೆ ಬಣ್ಣ ವಾಪಸ್ ಬರುತ್ತದೆ. ಲೆನ್ಸ್ ಪಕ್ಕದಲ್ಲೇ ಫ್ಲ್ಯಾಶ್ ಇದ್ದರೆ ಮಾತ್ರ ನೀರಲ್ಲಿ ತೇಲುವ ಕಣಗಳೆಲ್ಲ ಬೆಳಗಿ, ಮೀನಿನ ಮೇಲೆ ರಂಗೋಲಿ ಪುಡಿ ಉದುರಿಸಿದ ಹಾಗೆ ಕಾಣುತ್ತದೆ. ಅದಕ್ಕೇ ಫ್ಲ್ಯಾಶನ್ನು ಬದಿಗೆ, ದೂರಕ್ಕೆ ಹಿಡಿಯಬೇಕು. ಜೂಮ್‌ನಿಂದ ಪ್ರಯೋಜನ ಕಮ್ಮಿ, ನಡುವೆ ಇರುವ ನೀರು ಹಾಗೇ ಇರುತ್ತದಲ್ವಾ? ಹತ್ತಿರ ಹೋಗಲೇಬೇಕು.

ಹತ್ತಿರ ಅಂದರೆ ಬೆನ್ನಟ್ಟುವುದಲ್ಲ. ಅಟ್ಟಿದರೆ ಸಿಗುವುದು ಬಾಲದ ಫೋಟೊ ಅಷ್ಟೇ. ಸುಮ್ನೆ ಒಂದು ಕಡೆ ತೇಲುತ್ತಾ, ನಿಧಾನವಾಗಿ ಉಸಿರಾಡುತ್ತಾ ಕಾದರೆ ಪುಟ್ಟ ಡ್ಯಾಮ್ಸೆಲ್ ಮೀನು ತನ್ನ ಜಾಗಕ್ಕೆ ತಾನೇ ಬರುತ್ತದೆ, ಆ ಜಾಗ ಬಿಟ್ಟು ಅದು ಜಾಸ್ತಿ ದೂರ ಹೋಗುವುದಿಲ್ಲ. ಕಾಯುವಾಗ ಹವಳ ಹಿಡಿದು ನಿಲ್ಲಬಾರದು. ಅದು ಕಲ್ಲಲ್ಲ, ಜೀವ. ಎಷ್ಟೇ ಚಂದದ ಫೋಟೊ ಸಿಗಲಿ, ಅದಕ್ಕಾಗಿ ಒಂದು ತುಂಡು ಹವಳ ಮುರಿಯುವುದು ನನಗೆ ಒಪ್ಪಿಗೆಯಿಲ್ಲ.

ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಇಲ್ಲ. ಅಲ್ಲಿವರೆಗೆ ಮಾಲೂರಿನ ಅಕ್ಕನ ಮನೆ ಅಕ್ವೇರಿಯಂ ಮುಂದೆ ಕೂತು, ಓಡಾಡುವ ಮೀನಿನ ಕಣ್ಣಿಗೆ ಫೋಕಸ್ ಮಾಡುವುದನ್ನು ಕಲಿಯುತ್ತಿದ್ದೇನೆ.