ಅದು ಬರೀ ಕೆಸರಲ್ಲ

"ಆ ಬರೀ ಕೆಸರಲ್ಲಿ ಏನ್ ಹುಡುಕ್ತೀರಿ? ಡೈನೋಸಾರ್ ಏನಾದ್ರೂ ಸಿಕ್ತಾ?"

ನದಿ ಸಮುದ್ರ ಸೇರುವ ಕಡೆ, ಡೆಲ್ಟಾದಲ್ಲಿ, ಕೊಳವೆ ಇಳಿಸಿ ಕೆಸರು ತೆಗೆಯುವುದು ನನ್ನ ಕೆಲಸ ಅಂದ ತಕ್ಷಣ ಈ ಪ್ರಶ್ನೆ ಬರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು.

ಸಿಗಲ್ಲ. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷವಾಯಿತು. ಇವತ್ತಿನ ಹೆಚ್ಚಿನ ಡೆಲ್ಟಾಗಳು ಬೆಳೆಯತೊಡಗಿದ್ದು ಸುಮಾರು 8,000 ವರ್ಷಗಳಿಂದ ಈಚೆಗೆ, ಹಿಮಯುಗ ಮುಗಿದು ಸಮುದ್ರ ಏರುವ ವೇಗ ತಗ್ಗಿದ ಮೇಲೆ.

ಡೈನೋಸಾರ್ ಕೇಳಿದ್ದಕ್ಕೆ ಬೇಜಾರಿಲ್ಲ. ಸಿಟ್ಟು ಬರುವುದು ಆ 'ಬರೀ' ಅನ್ನೋ ಮಾತಿಗೆ. ಒಮ್ಮೆ ಕೊಳವೆಯನ್ನು ಉದ್ದಕ್ಕೆ ಸೀಳಿ ಮೇಜಿನ ಮೇಲೆ ಇಟ್ಟಿದ್ದೆ. ನೋಡಲು ಬಂದವರೊಬ್ಬರು ಮೂಗು ಮುಚ್ಚಿಕೊಂಡು "ಬರೀ ಕೆಸರು" ಅಂದು ಹೊರಟೇಬಿಟ್ಟರು. ಅವರು ಬಿಟ್ಟು ಹೋಗಿದ್ದು ಏನು ಗೊತ್ತಾ? ಮೇಲ್ತುದಿಯಲ್ಲಿ ಬೇರು ತುಂಬಿದ ಕಂದು ಮಣ್ಣು. ಅದರ ಕೆಳಗೆ ಮರಳು. ಆಮೇಲೆ ನುಣ್ಣನೆಯ ಹೂಳು. ತೀರಾ ಕೆಳಗೆ ಬೂದು ಬಣ್ಣದ ಜೇಡಿಮಣ್ಣು. ಸಮುದ್ರ ಮುಟ್ಟಿದಾಗ ನದಿಯ ಓಟ ತಗ್ಗುತ್ತದೆ. ಭಾರದ ಮರಳು ಅಲ್ಲೇ ಬೀಳುತ್ತದೆ, ಹಗುರವಾದ ಜೇಡಿ ದೂರ ಹೋಗಿ ಕೂರುತ್ತದೆ. ನೆಲ ಮುಂದೆ ಮುಂದೆ ಬೆಳೆದ ಹಾಗೆ ಜೇಡಿಯ ಮೇಲೆ ಮರಳು ಬರುತ್ತದೆ. ಅಲ್ಲಿ ಕೆಳಗಿನಿಂದ ಮೇಲಕ್ಕೆ ಬೆರಳಾಡಿಸಿದ್ದರೆ ಸಮುದ್ರದ ತಳದಿಂದ ದಡದವರೆಗೆ ನಡೆದು ಬಂದ ಹಾಗೆ ಆಗುತ್ತಿತ್ತು.

ನಾನು ಹುಡುಕುವ ಪುಟ್ಟ ಚಿಪ್ಪುಗಳು ಇರುವುದು ಆ ಜೇಡಿಯಲ್ಲಿ. ಒಂದು ಚಮಚದಷ್ಟು ತೆಗೆದು 63 ಮೈಕ್ರಾನ್ (ಮಿಲಿಮೀಟರಿನ ಸಾವಿರ ಪಾಲಿನಲ್ಲಿ 63) ಕಣ್ಣಿನ ಜರಡಿಯಲ್ಲಿ ನಿಧಾನವಾಗಿ ತೊಳೆಯುತ್ತೇನೆ. ಕೆಸರು ಇಳಿದು ಹೋಗುತ್ತದೆ, ಉಪ್ಪಿನ ಪುಡಿಯಂಥದ್ದು ಉಳಿಯುತ್ತದೆ. ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರಲ್ಲಿ ಫೊರಾಮಿನಿಫೆರಾ ಕಾಣುತ್ತವೆ. ಒಂದೇ ಜೀವಕೋಶದ ಜೀವಿ, ಆದರೆ ತನ್ನ ಮನೆ ತಾನೇ ಕಟ್ಟುತ್ತದೆ. ಕೆಲವು ಸುಣ್ಣದಿಂದ, ಕೆಲವು ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ. ಇವುಗಳಲ್ಲಿ ಅಮೋನಿಯಾ (ಅನಿಲವಲ್ಲ, ಒಂದು ಕುಲದ ಹೆಸರು) ಬಸವನಹುಳದ ಹಾಗೆ ಸುರುಳಿ ಸುತ್ತಿರುತ್ತದೆ. ಉಪ್ಪು ಕಮ್ಮಿ ಇರುವ ಅಳಿವೆಯ ನೀರಲ್ಲೂ ಅದು ಬದುಕುತ್ತದೆ. ಯಾವ ಜಾತಿ ಎಷ್ಟಿದೆ ಎಂದು ಎಣಿಸಿದರೆ ಆಗ ನೀರು ಎಷ್ಟು ಉಪ್ಪಾಗಿತ್ತು, ಎಷ್ಟು ಆಳವಿತ್ತು ಅನ್ನೋ ಅಂದಾಜು ಸಿಗುತ್ತದೆ.

ಆದರೆ ಯಾರಾದರೂ ಒಮ್ಮೆ ಹೀಗೆ ಕೇಳಬಾರದಾ: "ಈ ಚಿಪ್ಪು ಅಲ್ಲೇ ಬದುಕಿದ್ದೋ, ನೀರು ಎಲ್ಲಿಂದಲೋ ಹೊತ್ತು ತಂದಿದ್ದೋ?" ನನ್ನ ನಿದ್ದೆ ಕೆಡಿಸುವ ಪ್ರಶ್ನೆ ಇದೇ. ನದಿ ಹಳೆಯ ಬಂಡೆಗಳನ್ನು ಕೊರೆದು, ಲಕ್ಷಾಂತರ ವರ್ಷ ಹಿಂದಿನ ಚಿಪ್ಪನ್ನೂ ಇಲ್ಲಿ ತಂದು ಸುರಿಯಬಹುದು. ಅಲೆ ಆಳದ ಚಿಪ್ಪನ್ನು ದಡಕ್ಕೆ ತಳ್ಳಬಹುದು. ಅದನ್ನೂ ಸೇರಿಸಿ ಎಣಿಸಿದರೆ ಲೆಕ್ಕವೆಲ್ಲ ತಪ್ಪು.

ಅದಕ್ಕೇ ಒಂದೊಂದನ್ನೂ ತಿರುಗಿಸಿ ನೋಡುತ್ತೇನೆ. ಅಂಚು ಸವೆದಿದೆಯಾ? ಬಣ್ಣ ಬೇರೆಯಾ? ಎಲ್ಲ ಒಂದೇ ಅಳತೆಯವಾದರೆ ನೀರು ಆರಿಸಿ ತಂದಿರಬಹುದು ಅನ್ನೋ ಅನುಮಾನ. ಮರಿಗಳೂ ದೊಡ್ಡವೂ ಒಟ್ಟಿಗೇ ಇದ್ದರೆ ಅಲ್ಲೇ ಸಂಸಾರ ಮಾಡಿದ್ದವು ಅನ್ನಬಹುದು. ಆ ದಿನ "ಬರೀ ಕೆಸರು" ಅನ್ನಿಸಿಕೊಂಡ ಜೇಡಿಯಲ್ಲೇ ಒಂದು ಆಸ್ಟ್ರಕೋಡ್ ಸಿಕ್ಕಿತು. ಎರಡು ಚಿಪ್ಪಿನ ನಡುವೆ ಬದುಕುವ, ಸಿಗಡಿಯ ದೂರದ ನೆಂಟ. ಸತ್ತ ಮೇಲೆ ನೀರಲ್ಲಿ ಉರುಳಿದರೆ ಆ ಚಿಪ್ಪುಗಳು ಸಾಮಾನ್ಯವಾಗಿ ಬೇರೆಯಾಗಿಬಿಡುತ್ತವೆ. ಇದರ ಎರಡೂ ಚಿಪ್ಪು ಇನ್ನೂ ಬಿಗಿಯಾಗಿ ಮುಚ್ಚಿಕೊಂಡೇ ಇದ್ದವು. ಒದ್ದೆ ಕುಂಚದ ತುದಿಯಲ್ಲಿ ಎತ್ತಿ, ಕಪ್ಪು ತಟ್ಟೆಯ ಮೇಲೆ ಇಟ್ಟು, ಮಗ್ಗುಲಿಗೆ 'ಇಲ್ಲಿಯದೇ' ಎಂದು ಬರೆದೆ.