ಕಳ್ಳು ಸಿಗದ ದಿನದ ಅಪ್ಪಂಗೆ ತೆಂಗಿನ ನೀರಿನ ಹುದುಗು

ಅಪ್ಪಂ ಹಿಟ್ಟಿಗೆ ತಾಜಾ ಕಳ್ಳಿಗೆ ಸಾಟಿಯಿಲ್ಲ. ಆದರೆ ಬೇಕೆಂದ ಬೆಳಿಗ್ಗೆ ಅದು ಎಲ್ಲರಿಗೂ ಸಿಗುವುದಿಲ್ಲ. ಆಗ ಹೆಚ್ಚಿನವರು ಒಣ ಯೀಸ್ಟನ್ನು ಕಡೆದ ಹಿಟ್ಟಿಗೆ ನೇರ ಉದುರಿಸುತ್ತಾರೆ, ಉಬ್ಬದಿದ್ದರೆ ಇನ್ನೊಂದು ಚಮಚ ಹಾಕುತ್ತಾರೆ. ಹಿಟ್ಟೇನೋ ಉಬ್ಬುತ್ತದೆ, ಅಪ್ಪಂ ಮಾತ್ರ ಹಸಿ ಯೀಸ್ಟಿನ ವಾಸನೆ ಹೊಡೆಯುತ್ತದೆ. ಕಳ್ಳಿನಲ್ಲಿ ಯೀಸ್ಟ್ ಆಗಲೇ ಎಚ್ಚೆತ್ತು ದುಡಿಯುತ್ತಿರುತ್ತದೆ. ಒಣ ಯೀಸ್ಟನ್ನೂ ಮೊದಲು ಆ ಸ್ಥಿತಿಗೆ ತಂದರೆ ಕಾಲು ಟೀ ಚಮಚವೇ ಸಾಕು.

ಬಲಿತ ಕಾಯಿಯ ನೀರು 200 ಮಿ.ಲೀ. ಬೇಕು, ಒಂದೆರಡು ಕಾಯಿಯಲ್ಲಿ ಸಿಗುತ್ತದೆ. ಒಡೆದ ಕೂಡಲೇ ರುಚಿ ನೋಡಿ, ಹುಳಿ ಹಿಡಿದಿದ್ದರೆ ಚೆಲ್ಲಿ. ಬಲಿತ ಕಾಯಿಯ ನೀರಿನಲ್ಲಿ ಬೊಂಡದ ಎಳನೀರಿನಷ್ಟು ಸಕ್ಕರೆ ಇರುವುದಿಲ್ಲ, ಅದಕ್ಕೆ ಒಂದು ದೊಡ್ಡ ಚಮಚ ಸಕ್ಕರೆ ಕರಗಿಸಿ. ಎರಡು ಮೂರು ಚಮಚ ಸುರಿದರೆ ಬೇಗ ಆಗುತ್ತದೆ ಎಂದುಕೊಳ್ಳಬೇಡಿ. ಸಕ್ಕರೆ ಅತಿಯಾದರೆ ಅದು ಯೀಸ್ಟಿನ ಒಳಗಿನ ನೀರನ್ನೇ ಹೊರಗೆಳೆಯುತ್ತದೆ, ಕೆಲಸ ನಿಧಾನವಾಗುತ್ತದೆ. ನೀರು ಬೆರಳಿಗೆ ಬೆಚ್ಚಗೆ, 35 ಡಿಗ್ರಿಯ ಆಸುಪಾಸು ಇರಲಿ. ಬಿಸಿ ಬಿಸಿ ಇದ್ದರೆ, 55–60 ಡಿಗ್ರಿ ದಾಟಿದರೆ, ಯೀಸ್ಟ್ ಸತ್ತೇ ಹೋಗುತ್ತದೆ.

ಯೀಸ್ಟ್ ಹಾಕಿ, ಗಾಜಿನ ಬಾಟಲಿಯಲ್ಲಿ ಜೋರಾಗಿ ಕುಲುಕಿ. ಸಂಖ್ಯೆ ಹೆಚ್ಚಲು ಯೀಸ್ಟಿಗೆ ಗಾಳಿ ಬೇಕು. ಆಮೇಲೆ ಮುಚ್ಚಳ ಬಿಗಿಯಬೇಡಿ, ಒಳಗಿನ ಅನಿಲಕ್ಕೆ ಬಾಟಲಿ ಒಡೆದೀತು. ಬಾಯಿಗೆ ಬಟ್ಟೆ ಕಟ್ಟಿದರೆ ಸಾಕು.

ಬಿಯರ್ ಮಾಡುವವರೂ ಯೀಸ್ಟನ್ನು ಹೀಗೆಯೇ ಬೆಳೆಸುತ್ತಾರೆ. ಲೀಟರ್ ನೀರಿಗೆ 100 ಗ್ರಾಂ ಮಾಲ್ಟ್ ಪುಡಿ (ಮೊಳಕೆ ಬರಿಸಿದ ಬಾರ್ಲಿಯ ಸಾರವನ್ನು ಒಣಗಿಸಿದ್ದು) ಹಾಕಿ, ಹತ್ತು ಹದಿನೈದು ನಿಮಿಷ ಕುದಿಸಿ, ಪೂರ್ತಿ ಆರಿಸಿ, ಆಮೇಲೆ ದ್ರವ ಯೀಸ್ಟ್ ಬೆರೆಸಿ ಒಂದು ದಿನ ಕುಲುಕುತ್ತಾ ಇಡುತ್ತಾರೆ. ಬಿಯರಿಗೆ ಬ್ಯಾಕ್ಟೀರಿಯಾ ಸೇರಲೇಬಾರದು, ಅದಕ್ಕೇ ಅಷ್ಟು ಕುದಿಸುವುದು. ಅಪ್ಪಂಗೆ ತುಸು ಹುಳಿ ಇದ್ದರೇ ಚೆನ್ನ, ಹಾಗಾಗಿ ನಾವು ಕುದಿಸುವುದಿಲ್ಲ. ಆದರೆ ಅದೇ ಕಾರಣಕ್ಕೆ ಇದನ್ನು ಒಂದು ದಿನ ಇಡುವಂತಿಲ್ಲ. ನಮ್ಮ ಕರಾವಳಿಯ ಸೆಕೆಯಲ್ಲಿ ಮೂರು ನಾಲ್ಕು ಗಂಟೆಗೆ ಹದ ಬರುತ್ತದೆ: ಮೇಲೆ ಬಿಳಿ ನೊರೆ, ಕಿವಿ ಇಟ್ಟರೆ ಸಣ್ಣ ಸಿಮಸಿಮ ಸದ್ದು, ಮೂಗಿಗೆ ಎಳೆ ಕಳ್ಳಿನ ಪರಿಮಳ. ಆಗಲೇ ಬಳಸಬೇಕು. ರಾತ್ರಿಯಿಡೀ ಬಿಟ್ಟರೆ ನೊರೆ ಇಳಿದು ಹುಳಿ ಮುಂದಾಗುತ್ತದೆ. ಒಂದು ಗಂಟೆಯಾದರೂ ಗುಳ್ಳೆಯೇ ಏಳದಿದ್ದರೆ ಯೀಸ್ಟ್ ಹಳತು ಅಥವಾ ನೀರು ಬಿಸಿಯಾಗಿತ್ತು. ಅಕ್ಕಿ ಹಾಳಾಗುವ ಮೊದಲೇ ಇದು ತಿಳಿಯುವುದು ದೊಡ್ಡ ಲಾಭ.

ಎರಡು ಕಪ್ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿ ನಾಲ್ಕೈದು ಗಂಟೆ ನೆನೆದಿರಲಿ. ಒಂದು ಕಪ್ ತೆಂಗಿನತುರಿ, ಅರ್ಧ ಕಪ್ ಅನ್ನ ಸೇರಿಸಿ ನುಣ್ಣಗೆ ಕಡೆಯಿರಿ. ಮಿಕ್ಸಿಯಲ್ಲಿ ಹಿಟ್ಟು ಬಿಸಿಯಾಗುತ್ತದೆ, ಆರಿದ ಮೇಲೆಯೇ ಹುದುಗು ಬೆರೆಸಿ. ದೊಡ್ಡ ಪಾತ್ರೆಯಲ್ಲಿಡಿ, ಹಿಟ್ಟು ಇಮ್ಮಡಿಯಾಗುತ್ತದೆ. ಬೇಸಿಗೆಯಲ್ಲಿ ನಾಲ್ಕೈದು ಗಂಟೆ ಸಾಕು, ಆಟಿಯ ಮಳೆಗೆ ಎಂಟು ಗಂಟೆಯೂ ಬೇಕಾದೀತು. ಉಪ್ಪು ಯೀಸ್ಟನ್ನು ತಡೆಯುವುದರಿಂದ ಅದನ್ನು ಕೊನೆಗೆ ಹಾಕಿ, ಸೌಟಿನಿಂದ ಮೆಲ್ಲಗೆ ಒಂದೆರಡು ಸುತ್ತು ತಿರುಗಿಸಿ, ಅಷ್ಟೇ. ಬಡಿದರೆ ಗಾಳಿ ಹೋಗಿ ಅಪ್ಪಂನ ನಡುಭಾಗ ಮುದ್ದೆಯಾಗುತ್ತದೆ.

ಹಿಟ್ಟಿಗೆ ಬೆರೆಸುವ ಮೊದಲೇ ಎರಡು ಚಮಚ ಹುದುಗು ತೆಗೆದು ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನದೊಳಗೆ ಹೊಸ ಕಾಯಿನೀರು, ಸಕ್ಕರೆ ಕೊಟ್ಟು ಮತ್ತೆ ಎಬ್ಬಿಸಬಹುದು. ಹೀಗೆ ಎರಡು ಮೂರು ಸಲ ಮಾತ್ರ. ಆಮೇಲೆ ಬ್ಯಾಕ್ಟೀರಿಯಾದ ಕೈ ಮೇಲಾಗಿ ನೊರೆಗಿಂತ ಹುಳಿಯೇ ಹೆಚ್ಚುತ್ತದೆ. ಗುಲಾಬಿ ಬಣ್ಣವೋ ಬೂಷ್ಟೋ ಕಂಡರೆ ಒಂದು ಚಮಚವನ್ನೂ ಉಳಿಸದೆ ಚೆಲ್ಲಿ, ಬಾಟಲಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಹೊಸದಾಗಿ ಶುರು ಮಾಡಿ.